ಎಡಕ್ಕೆ ನಾನು, ಬಲಕ್ಕೆ ಅವರು

ನಿವೃತ್ತಿಯಾದ ಮೇಲೆ ಗಂಡಸರಿಗೆ ಏನಾದರೊಂದು ಹಿಡಿದುಕೊಳ್ಳುತ್ತದೆ. ಸಾಗರದ ನಮ್ಮ ಬಡಾವಣೆಯಲ್ಲೇ ಒಬ್ಬರಿಗೆ ಜೇನು ಸಾಕಣೆ ಹಿಡಿದಿತ್ತು. ಇನ್ನೊಬ್ಬರು ಹೋಮಿಯೋಪಥಿ ಪುಸ್ತಕ ತರಿಸಿಕೊಂಡು ಓದಿ, ಅಕ್ಕಪಕ್ಕದವರ ನಾಲಿಗೆ ಹೊರಗೆ ಹಾಕಿಸಿ ನೋಡುತ್ತ ತಿರುಗುತ್ತಿದ್ದರು. ನಮ್ಮ ಯಜಮಾನರಿಗೆ ಕಾರು ಹಿಡಿಯಿತು.

ಈಗಿನ ಕಾರಲ್ಲ. ತೀರ್ಥಹಳ್ಳಿಯ ಹಳೆಯ ಡಾಕ್ಟರೊಬ್ಬರು ರೋಗಿಗಳ ಮನೆಗೆ ಹೋಗಿಬರಲು ಇಟ್ಟುಕೊಂಡಿದ್ದ, ದುಂಡು ದೀಪಗಳ, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಕೋಲು ಇರುವ, ನನ್ನ ಮದುವೆಗಿಂತ ಹಿರಿಯ ಕಾರು. ಡಾಕ್ಟರಿಗೆ ಕಣ್ಣು ಮಂಜಾಗಿತ್ತು. ಒಂದು ದಿನ ಗೇಟಿನೊಳಗೆ ತರುವಾಗ ಎಡಗಡೆಯ ಮಡ್‌ಗಾರ್ಡನ್ನು ಕಂಬಕ್ಕೆ ಗುದ್ದಿ, ಇಳಿದು ನೋಡಿ, 'ಇನ್ನು ಸಾಕು' ಅಂದರಂತೆ. ಆ ಎರಡು ಮಾತು ಹೊಸನಗರ ದಾಟಿ ಸಾಗರಕ್ಕೆ ಬಂದು ನಮ್ಮ ಯಜಮಾನರ ಕಿವಿಗೇ ಬೀಳಬೇಕಾಗಿತ್ತು.

ಅವರು ಸರ್ವೇಯರ್ ಆಗಿದ್ದವರು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕಿನ ಗದ್ದೆ ಗುಡ್ಡಗಳನ್ನೆಲ್ಲ ಅಳೆದವರು. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೂತು ಮೂವತ್ತು ವರ್ಷ 'ಶ್, ಸದ್ದು ಮಾಡಬೇಡಿ' ಎಂದವಳು. ನಮ್ಮಿಬ್ಬರ ಕೆಲಸದಲ್ಲೂ ಯಾರೂ ನಮ್ಮನ್ನು ನೋಡಿ ಸಂತೋಷದಿಂದ ಕೈ ಬೀಸಿದ್ದಿಲ್ಲ. ಸರ್ವೇಯರ್ ಬಂದ ಎಂದರೆ ಅಕ್ಕಪಕ್ಕದ ಜಮೀನಿನವರಿಬ್ಬರೂ ಮುಖ ಗಂಟು ಹಾಕುತ್ತಾರೆ. ಲೈಬ್ರರಿಯವಳು ಬಂದಳು ಎಂದರೆ ಹುಡುಗರು ಮಾತು ನುಂಗುತ್ತಾರೆ. ನಾವು ಅದಕ್ಕೆ ಒಗ್ಗಿಹೋಗಿದ್ದೆವು.

ಕಾರು ಸಾಗರದ ಟಿಂಕರಿಂಗ್ ಶೆಡ್ಡಿನಲ್ಲಿ ಮೂರು ತಿಂಗಳು ನಿಂತಿತು. ಯಜಮಾನರು ಬೆಳಗ್ಗೆ ತಿಂಡಿ ತಿಂದು ಕೆಲಸಕ್ಕೆ ಹೋಗುವವರ ಹಾಗೆ ಅಲ್ಲಿಗೆ ಹೋಗಿ ಸ್ಟೂಲಿನ ಮೇಲೆ ಕೂರುತ್ತಿದ್ದರು. ಬಾಗಿದ ಮಡ್‌ಗಾರ್ಡನ್ನು ತಟ್ಟಿ ನೇರ ಮಾಡಿಸಿದರು. ಬಣ್ಣ ಹೊಡೆಯುವವನಿಗೆ ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತನ್ನು ನಾನೇ ಕೇಳಿದ್ದೇನೆ: "ಈ ಎಡಗಡೆಗೆ ಇನ್ನೆರಡು ಕೋಟ್ ಹೊಡೀರಿ ಮಾರಾಯ್ರೆ. ತಗಡಿಗೆ ಎಲ್ಲೂ ಗಾಳಿ ಸೋಕ್‌ಬಾರ್ದು." ಆತ ಹೊಡೆದ. ಕೆನೆ ಬಣ್ಣದ ಕಾರು ಮದುವೆ ಮನೆಯಲ್ಲಿ ತಟ್ಟೆಗೆ ಹೊಯ್ದ ಹಾಲುಬಾಯಿ ಸಿಹಿಯ ಹಾಗೆ ನುಣ್ಣಗೆ ಹೊಳೆಯತೊಡಗಿತು. ಮನೆಗೆ ತಂದ ದಿನ ನಾನು ಬಾನೆಟ್ಟಿಗೆ ಕುಂಕುಮ ಇಡಲು ಹೋದರೆ, "ಅಲ್ಲಿ ಬೇಡ, ಗಾಜಿಗೆ ಇಡು" ಎಂದರು.

ಎಡಗಡೆಯ ಇಂಡಿಕೇಟರ್ ಮಿನುಗುವುದಿಲ್ಲ ಎನ್ನುವುದು ಗೊತ್ತಾದದ್ದು ಆವತ್ತೇ. ಬಲಕ್ಕೆ ಕಡ್ಡಿ ಒತ್ತಿದರೆ ಟಿಕ್ ಟಿಕ್ ಎಂದು ಮುದ್ದಾಗಿ ಬಡಿದುಕೊಳ್ಳುತ್ತಿತ್ತು. ಎಡಕ್ಕೆ ಒತ್ತಿದರೆ ಹಿಂದಿನ ದೀಪ ಹೊತ್ತಿ, ಹೊತ್ತಿದ್ದು ಹಾಗೇ ನಿಂತುಬಿಡುತ್ತಿತ್ತು. ಮುಂದಿನದು ಕಣ್ಣೇ ಬಿಡುತ್ತಿರಲಿಲ್ಲ. ಕೆಲವೊಮ್ಮೆ ಅದರ ಬದಲು ಪಕ್ಕದ ಪುಟ್ಟ ಪಾರ್ಕಿಂಗ್ ದೀಪ, ತನಗೆ ಸಂಬಂಧವೇ ಇಲ್ಲದ ಕೆಲಸಕ್ಕೆ ಕರೆದವರ ಹಾಗೆ, ಮಂಕಾಗಿ ಉರಿಯುತ್ತಿತ್ತು.

"ಬಲ್ಬ್ ಹೋಗಿರ್ತದೆ" ಎಂದರು ಯಜಮಾನರು. ಬಲ್ಬ್ ಬದಲಾಯಿತು. ಫ್ಯೂಸ್ ಬದಲಾಯಿತು. ಆಮೇಲೆ ಅವರು ಊಟದ ಮೇಜಿನ ಮೇಲೆ ದೊಡ್ಡ ಕಾಗದ ಹಾಸಿ, ಕಾರಿನ ವೈರುಗಳ ನಕ್ಷೆ ಬರೆಯಲು ಕೂತರು. ಕೆಂಪು ಶಾಯಿ ಎಡಕ್ಕೆ, ಹಸಿರು ಬಲಕ್ಕೆ. ಜಮೀನಿನ ಗಡಿ ಅಳೆದು ಕಲ್ಲು ನೆಡುವುದಕ್ಕೆ ಅವರ ಇಲಾಖೆಯಲ್ಲಿ ಹದ್ದುಬಸ್ತು ಎನ್ನುತ್ತಾರೆ. "ತೊಂದರೆ ಎಲ್ಲಿಂದ ಎಲ್ಲಿವರೆಗೆ ಇದೆ ಅಂತ ಮೊದಲು ಹದ್ದುಬಸ್ತು ಮಾಡ್ಬೇಕು" ಎಂದು ಅವರು ಹೇಳಿದ ಮೇಲೆ ಹದಿನೈದು ದಿನ ನಾವು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಉಂಡೆವು.

ನಕ್ಷೆ ಮುಗಿದರೂ ದೀಪ ಮಿನುಗಲಿಲ್ಲ. ಆಗ ಊರಿನ ಎಲೆಕ್ಟ್ರಿಷಿಯನ್ನರ ಸರದಿ ಬಂತು.

ಸಾಗರದವನು ಬಾನೆಟ್ ಎತ್ತುವ ಮೊದಲೇ "ರಿಲೇ ಹೋಗಿದೆ ಸರ್" ಎಂದ. ಇಂಡಿಕೇಟರನ್ನು ಟಿಕ್ ಟಿಕ್ ಎನ್ನಿಸುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಡಬ್ಬಿ ಅದು. ಹೊಸದು ಬಂತು. ಬಲಗಡೆ ಮೊದಲಿಗಿಂತ ಜೋರಾಗಿ ಟಿಕ್ ಟಿಕ್ ಎಂದಿತು. ಎಡಗಡೆ ಮೊದಲಿನಷ್ಟೇ ಮೌನ.

ಹೊಸನಗರದವನು ಅದನ್ನು ನೋಡಿ ನಕ್ಕ. "ರಿಲೇ ಹಾಕ್ಸಿದ್ಯಾರು ಸರ್? ಸಾಗರದೋರಾ? ಅದಕ್ಕೇ. ಇದು ಸ್ವಿಚ್ಚಿನ ಪ್ರಾಬ್ಲಮ್ಮು." ಸ್ಟೇರಿಂಗ್ ಬಿಚ್ಚಿ ಒಳಗಿನ ಸ್ವಿಚ್ ಬದಲಾಯಿಸಿ ಮತ್ತೆ ಕೂರಿಸಿದ. ವಾಪಸ್ಸು ಬರುವಾಗ ಎಡಕ್ಕೆ ತಿರುಗಿಸಿದರೆ ಸಾಕು, ಹಾರ್ನ್ ತಾನಾಗಿ ಕೂಗತೊಡಗಿತು.

"ಎಡಗಡೆಗೆ ಕೊನೆಗೂ ದನಿಯಾದ್ರೂ ಬಂತಲ್ಲ" ಎಂದೆ ನಾನು.

ಯಜಮಾನರು ನಗಲಿಲ್ಲ. ಅವರು ಮರುದಿನ ಹೊಸನಗರಕ್ಕೆ ಹೋಗಿ ದನಿ ನಿಲ್ಲಿಸಿಕೊಂಡು ಬಂದರು.

ತೀರ್ಥಹಳ್ಳಿಯವನಿಗೆ ಆ ಕಾರಿನ ಪರಿಚಯವಿತ್ತು. "ಡಾಕ್ಟ್ರ ಗಾಡಿಯಲ್ದಾ? ವೈರಿಂಗ್ ಪೂರಾ ಹಳೇದು. ಬಿಚ್ಚಿ ಬಿಸಾಡಿ" ಎಂದ. ಬಿಚ್ಚಿ ಬಿಸಾಡಿದ್ದಾಯಿತು, ಹೊಸದು ಹಾಕಿದ್ದಾಯಿತು. ನಮ್ಮ ಕಾರಿನೊಳಗೆ ಕೆಂಪು ಹಸಿರು ಹಳದಿ ವೈರುಗಳು ಜಡೆ ಹೆಣೆದ ಹಾಗೆ ಅಚ್ಚುಕಟ್ಟಾಗಿ ಓಡಿದವು. ಎಡಗಡೆ ಮಾತ್ರ ಡಾಕ್ಟರ ಮಾತನ್ನೇ ಹಿಡಿದು ಕೂತಿತ್ತು: ಇನ್ನು ಸಾಕು.

ವಿಚಿತ್ರ ಎಂದರೆ ಮೂವರೂ ಮಾಡಿದ ಪರೀಕ್ಷೆ ಒಂದೇ. ಎರಡು ವೈರು ಕಟ್ಟಿದ ಪುಟ್ಟ ಬಲ್ಬಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಎಡಗಡೆಯ ಮುಂದಿನ ದೀಪಕ್ಕೆ ಬರುವ ವೈರಿಗೆ ಮುಟ್ಟಿಸುತ್ತಿದ್ದರು. ಅವರ ಬಲ್ಬ್ ಜಗ್ಗನೆ ಹೊತ್ತುತ್ತಿತ್ತು. "ಕರೆಂಟ್ ಬರ್ತಾ ಇದೆ ನೋಡಿ ಸರ್!" ಎಂದು ಮೂವರೂ ಸಂಭ್ರಮದಿಂದ ತೋರಿಸಿದರು. ನಾವಿಬ್ಬರೂ ಮೂರು ಊರಿನಲ್ಲೂ ಬಗ್ಗಿ ನೋಡಿ ಹೌದು ಹೌದು ಎಂದೆವು.

ಆ ದಿನಗಳಲ್ಲಿ ನಾವು ನೆಮ್ಮದಿಯಾಗಿ ಹೋಗಿಬಂದ ಜಾಗ ಒಂದೇ, ತುಮರಿಗೆ ಹೋಗುವ ಹೊಸ ಸೇತುವೆ. ಮೊದಲು ಲಾಂಚಿಗೆ ಕಾದು ದಾಟುತ್ತಿದ್ದ ಹಿನ್ನೀರಿನ ಮೇಲೆ ಈಗ ನೆಟ್ಟಗೆ ರಸ್ತೆ. ಎಡವಿಲ್ಲ, ಬಲವಿಲ್ಲ. ಯಜಮಾನರು ಆ ತುದಿಗೆ ಹೋಗಿ, ತಿರುಗಿಸಿ, ಈ ತುದಿಗೆ ಬಂದು, "ಇನ್ನೊಂದು ಸಲ ಹೋಗಿಬರಣ?" ಎಂದು ಕೇಳಿದರು.

ಆದರೆ ಬದುಕೆಲ್ಲ ಸೇತುವೆಯ ಮೇಲೆ ಕಳೆಯಲಾಗುವುದಿಲ್ಲ. ಬಲಕ್ಕೆ ತಿರುಗಲು ಇಂಡಿಕೇಟರ್ ಇತ್ತು. ಎಡಕ್ಕೆ ತಿರುಗುವಾಗ ಯಜಮಾನರು ತಾವು ಡ್ರೈವಿಂಗ್ ಕಲಿತ ಕಾಲದ ಸನ್ನೆ ಮಾಡುತ್ತಿದ್ದರು: ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಗಾಳಿಯಲ್ಲಿ ಸುತ್ತು ಹೊಡೆಸುವುದು. ಅದರ ಅರ್ಥ ಗೊತ್ತಿದ್ದವರೆಲ್ಲ ರಸ್ತೆ ಬಿಟ್ಟು ಮನೆ ಸೇರಿದ್ದಾರೆ. ಹಿಂದೆ ಬರುತ್ತಿದ್ದ ಟೆಂಪೋದವನು ಅದನ್ನು 'ಮುಂದೆ ಹೋಗು' ಎಂದು ತಿಳಿದು, ಹೋಗಿ, ಎದುರಿನ ಬಸ್ಸಿನಿಂದ ಕೂದಲೆಳೆಯಲ್ಲಿ ತಪ್ಪಿಸಿಕೊಂಡು, ನಿಲ್ಲಿಸಿ ಇಳಿದು ಬಂದ. "ಏನ್ ಸರ್, ಬೆಣ್ಣೆ ಕಡೀತಿದೀರಾ?" ಎಂದು ಕೇಳಿದ. ಯಜಮಾನರು ಕೈ ಒಳಗೆಳೆದುಕೊಂಡು ಗಾಜು ಏರಿಸಿದರು.

ಆವತ್ತು ನಾನೇ ಹೇಳಿದೆ. "ನಾನು ಹ್ಯಾಂಗೂ ಎಡಗಡೆ ಕೂತಿರ್ತೀನಿ. ನಾನೇ ಕೈ ತೋರಿಸ್ತೀನಿ ಬಿಡಿ."

ಹೀಗೆ ನಾನು ಆ ಕಾರಿನ ಎಡ ಇಂಡಿಕೇಟರ್ ಆದೆ. ತಿರುವು ಇನ್ನೂ ಇಪ್ಪತ್ತು ಮಾರು ಇರುವಾಗ ಯಜಮಾನರು "ಎಡ" ಎನ್ನುತ್ತಿದ್ದರು. ನಾನು ಕೈಯನ್ನು ಉದ್ದಕ್ಕೆ ಚಾಚಿ ಮೇಲೆ ಕೆಳಗೆ ಆಡಿಸುತ್ತಿದ್ದೆ. ಸುಮ್ಮನೆ ಚಾಚಿದರೆ ಗಾಳಿಗೆ ಕೈ ಬಿಟ್ಟುಕೊಂಡಿದ್ದಾಳೆ ಎಂದುಕೊಳ್ಳುತ್ತಾರೆ, ಆಡಿಸಬೇಕು ಎಂದು ಅವರೇ ಹೇಳಿಕೊಟ್ಟದ್ದು.

ಮೊದಲ ವಾರದಲ್ಲೇ ಗೊತ್ತಾಯಿತು, ನಾನು ಕೈ ಆಡಿಸಿದರೆ ಹಿಂದಿನ ಗಾಡಿಯವರಿಗಿಂತ ಹೆಚ್ಚಾಗಿ ರಸ್ತೆ ಬದಿಯವರು ಗಮನಿಸುತ್ತಾರೆ. ಸಾಗರದ ಸರ್ಕಲ್ಲಿನಲ್ಲಿ ಹೂವಿನ ಅಂಗಡಿಯವಳು ತಿರುಗಿ ಕೈ ಬೀಸಿದಳು. ನಾನು ಹಿಂದೆ ನೋಡಿದೆ, ಯಾರಿಗೋ ಇರಬೇಕೆಂದು. ಯಾರೂ ಇರಲಿಲ್ಲ. ಔಷಧಿ ಅಂಗಡಿಯವರು ನಮಸ್ಕಾರ ಮಾಡಿದರು. ಹೊಳೆಯುವ ಹಳೆಯ ಕಾರಿನಲ್ಲಿ ಕೂತು ಹೆಂಗಸೊಬ್ಬಳು ನಗುತ್ತ ಕೈ ಬೀಸುತ್ತಿದ್ದಾಳೆ ಎಂದರೆ ಜನ ಇನ್ನೇನು ಮಾಡಬೇಕು? ನಗು ನನ್ನದಲ್ಲ, ಎದುರು ಬಿಸಿಲಿಗೆ ನನ್ನ ಮುಖ ಹಾಗೆ ಸುಕ್ಕುಗಟ್ಟುತ್ತದೆ.

ಬಟ್ಟೆಮಲ್ಲಪ್ಪದಲ್ಲಿ ಒಂದು ಬೆಳಗ್ಗೆ ಎಡಕ್ಕೆ ತಿರುಗಿ ನಿಲ್ಲಿಸಿದೆವು, ಬಾಳೆಹಣ್ಣು ತಗೊಳ್ಳಲು. ಹಿಂದಿನ ಬಾಗಿಲು ತೆಗೆದ ಸದ್ದಾಯಿತು. ಚೀಲ ಹಿಡಿದ ಹೆಂಗಸೊಬ್ಬರು ಒಳಗೆ ಬಂದು ಕೂತು, ಸೆರಗು ಸರಿ ಮಾಡಿಕೊಂಡು, "ಪುಣ್ಯಾತ್ಗಿತ್ತಿ, ನೀವು ಕೈ ಮಾಡದೆ ಇದ್ರೆ ಬಸ್ಸಿಗೆ ಇನ್ನೊಂದು ಗಂಟೆ ಕಾಯ್ಬೇಕಿತ್ತು" ಎಂದರು.

"ನಾನು ನಿಮಗೆ ಕೈ ಮಾಡಿದ್ದಲ್ಲ..." ಎಂದೆ.

"ಮತ್ತೆ ಯಾರಿಗೆ? ಅಲ್ಲಿ ನಾನೊಬ್ಳೇ ಇದ್ದಿದ್ದು."

ಯಜಮಾನರು ಬಾಳೆಹಣ್ಣು ತಂದು ಗಾಡಿ ಹೊರಡಿಸಿದರು. ಹೊಸನಗರದವರೆಗೆ ಮಾತಾಡುತ್ತ ಹೋದೆವು. ಅವರು ಹೊಸನಗರದಲ್ಲಿ ವಿದ್ಯಾರ್ಥಿಗಳ ಹಾಸ್ಟೆಲ್ಲಿನ ಅಡುಗೆಯವರು. ಮಾತಿನ ನಡುವೆ ಗೊತ್ತಾಯಿತು, ಮೂರೂ ತಾಲ್ಲೂಕಿನ ನೌಕರರು ಸೇರಿ ಮಾಡಿಕೊಂಡ, ನಮಗೂ ಸೈಟು ಕೊಟ್ಟ ಗೃಹನಿರ್ಮಾಣ ಸಂಘದಲ್ಲಿ ಅವರೂ ಸದಸ್ಯರು. ಇಳಿಯುವಾಗ ನನ್ನ ಕೈ ಹಿಡಿದು ಹೇಳಿದರು: "ನಿಮ್ಮಂಥೋರು ನಮ್ಮ ಸಂಘಕ್ಕೆ ಬರ್ಬೇಕು ನೋಡಿ. ಈಗ ಇರೋರು ಎದುರಿಗೆ ಸಿಕ್ರೂ ಗುರ್ತ ಹಿಡಿಯಲ್ಲ. ನೀವು ಪರಿಚಯ ಇಲ್ದಿದ್ರೂ ಕೈ ಮಾಡ್ತೀರಿ."

ನಾನು ನಕ್ಕು ಸುಮ್ಮನಾದೆ. ಮೂವತ್ತು ವರ್ಷ ಸುಮ್ಮನಿದ್ದ ಅಭ್ಯಾಸ. ಅದೇ ತಪ್ಪಾದದ್ದು. ಮುಂದಿನ ತಿಂಗಳು ಸಂಘದ ಚುನಾವಣೆ ಇತ್ತು, ಮಹಿಳೆಯರಿಗೆ ಮೀಸಲಾದ ಒಂದು ನಿರ್ದೇಶಕರ ಸ್ಥಾನವೂ ಇತ್ತು. ಅದು ನನಗೆ ನೆನಪೇ ಇರಲಿಲ್ಲ. ಹಾಸ್ಟೆಲ್ಲಿನ ಅಡುಗೆಯವರಿಗೆ ಚೆನ್ನಾಗಿ ನೆನಪಿತ್ತು.

ಹತ್ತು ದಿನದಲ್ಲಿ ನನ್ನನ್ನು ಬಿಟ್ಟು ಉಳಿದವರಿಗೆಲ್ಲ ನಾನು ಚುನಾವಣೆಗೆ ನಿಂತಿರುವುದು ಗೊತ್ತಾಯಿತು. ತರಕಾರಿ ತರಲು ಹೋದರೆ ನಿವೃತ್ತ ಶಿಕ್ಷಕಿಯೊಬ್ಬರು ಪಿಸುದನಿಯಲ್ಲಿ, "ನಿಂಗ ನಿಂತ್ರೆ ಎಂಗಳ ಮನೆ ಓಟೆಲ್ಲ ನಿಂಗಕೇ" ಎಂದು ತಮ್ಮ ಮನೆಯ ಓಟನ್ನೆಲ್ಲ ನನಗೆ ಬರೆದುಕೊಟ್ಟರು. ನಾನು ಇಂಡಿಕೇಟರಿನ ಕಥೆಯನ್ನೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿ, "ಸರಿ ಸರಿ, ಈಗ್ಲೇ ಹೇಳದು ಬ್ಯಾಡ" ಎಂದು ಕಣ್ಣು ಮಿಟುಕಿಸಿದರು. ನಿಲ್ಲುವುದಿಲ್ಲ ಎಂದು ಹೇಳುವುದೇ ನಿಲ್ಲುವವರ ಮೊದಲ ಲಕ್ಷಣ ಎಂದು ನನಗೆ ಆಗ ತಿಳಿಯಿತು.

ಕಡೆಗೆ ಸಂಘದ ಕಾರ್ಯದರ್ಶಿಯವರೇ ಮನೆಗೆ ಬಂದರು. ಕಾಫಿ ಕುಡಿದು, ಅಂಗಳದಲ್ಲಿದ್ದ ಕಾರಿನ ಸುತ್ತ ಒಂದು ಸುತ್ತು ಬಂದು, "ಪ್ರಚಾರಕ್ಕೆ ಅಂತ್ಲೇ ಮಾಡ್ಸಿದ್ದಾ ಸರ್?" ಎಂದು ಕೇಳಿದರು.

"ಪ್ರಚಾರ ಅಲ್ಲ ಮಾರಾಯ್ರೆ. ಎಡಗಡೆ ಇಂಡಿಕೇಟರ್ ಇಲ್ಲ" ಎಂದರು ಯಜಮಾನರು. ನಕ್ಷೆ ತಂದು ಮೇಜಿನ ಮೇಲೆ ಹಾಸಿದರು. ಕಾರ್ಯದರ್ಶಿಯವರು ಅದನ್ನು ಗಾಬರಿಯಿಂದ ನೋಡಿದರು. ಯಾವ ಬೀದಿಯಲ್ಲಿ ಎಷ್ಟು ಓಟು ಎಂಬ ಲೆಕ್ಕದ ಹಾಗೆ ಕಂಡಿರಬೇಕು.

ಹೊರಡುವಾಗ ನನ್ನ ಕಡೆ ತಿರುಗಿ ಮೆತ್ತಗೆ ಹೇಳಿದರು: "ನಿಮ್ಮಂಥೋರಿಗೆ ಇದೆಲ್ಲ ಆಗೋದಲ್ಲ ಮೇಡಂ. ಸಂಘ ಅಂದ್ರೆ ಜನ, ಮಾತು, ಗಲಾಟೆ. ನೀವು ಪುಸ್ತಕದ ನಡುವೆ ಇದ್ದೋರು."

ಅವರು ಹೋದ ಮೇಲೆ ನಾನು ಲೋಟ ತೊಳೆದೆ. ತೊಳೆದ ಲೋಟವನ್ನೇ ಮತ್ತೆ ತೊಳೆದೆ. ಯಜಮಾನರನ್ನು ಕೂಗಿ, "ನಾಮಪತ್ರ ಕೊಡೋಕೆ ಕಡೇ ದಿನ ಯಾವತ್ತು?" ಎಂದು ಕೇಳಿದೆ.

ಅವರು ಕಾರಿನ ಕೆಳಗಿನಿಂದ ತಲೆ ಹೊರಗೆ ಹಾಕಿದರು. "ನಿಲ್ತೀಯಾ?"

"ನಿಂತಿದೀನಂತಲ್ಲ. ಊರೆಲ್ಲ ಹೇಳ್ತಿದೆ."

ಅವರು ಪೂರ್ತಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ಹಾಗಾದ್ರೆ ಮೂರು ತಾಲ್ಲೂಕು ತಿರುಗ್ಬೇಕಾಗ್ತದೆ ಮಾರಾಯ್ತಿ" ಎಂದರು. ಆ ದನಿಯಲ್ಲಿ ಚಿಂತೆಗಿಂತ ಆಸೆಯೇ ಹೆಚ್ಚಿತ್ತು. ಆ ಕಾರಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತ್ತು.

ನಾನು ಕರಪತ್ರ ಮಾಡಿದೆ. ಬಡಾವಣೆಯ ಉದ್ಯಾನದ ಜಾಗದಲ್ಲಿ ಹತ್ತು ವರ್ಷದಿಂದ 'ಉದ್ಯಾನಕ್ಕೆ ಮೀಸಲು' ಎಂಬ ಫಲಕವೊಂದೇ ಬೆಳೆಯುತ್ತಿತ್ತು. ಅದರಿಂದ ಶುರು ಮಾಡಿ ನಾಲ್ಕು ವಿಷಯ, ಪ್ರತಿಯೊಂದರ ಕೆಳಗೆ ವಿವರಣೆ, ಅಚ್ಚಿನ ತಪ್ಪು ಒಂದೂ ಇಲ್ಲದ ಹಾಗೆ. ಅದನ್ನು ಯಾರೂ ಓದಿದಂತೆ ಕಾಣಲಿಲ್ಲ. ತೀರ್ಥಹಳ್ಳಿಯಲ್ಲಿ ಒಬ್ಬರು ಮಡಚಿ ಅಲುಗಾಡುವ ಕುರ್ಚಿಯ ಕಾಲಿಗೆ ಕೊಟ್ಟರು. ಆದರೆ ನಾವು ತಿರುವಿನಲ್ಲಿ ತಿರುಗಿದಾಗ ಮಾತ್ರ ಮನೆಗಳಿಂದ ಜನ ಹೊರಬಂದು ಕೈ ಎತ್ತುತ್ತಿದ್ದರು. ನಿಟ್ಟೂರಿನ ಒಬ್ಬ ನಿವೃತ್ತ ಗುಮಾಸ್ತರು, "ನಿಮ್ಮ ಕೈಯಲ್ಲಿ ಏನೋ ಇದೆ ಅಮ್ಮ" ಎಂದರು. ಇದ್ದದ್ದು ಭುಜದ ನೋವು. ರಾತ್ರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದೆ.

ಸುಳ್ಳು ಹೇಳಬಾರದು, ನನಗೆ ಅದು ಹಿತವಾಗತೊಡಗಿತ್ತು. ಎಡಕ್ಕೆ ತಿರುಗಬೇಕಿಲ್ಲದ ಕಡೆಯೂ ಒಂದೆರಡು ಸಲ ಕೈ ಹೊರಗೆ ಹೋಯಿತು. ಯಜಮಾನರು ಓರೆಗಣ್ಣಿನಲ್ಲಿ ನೋಡಿ, "ನಾನು ಎಡ ಅಂದೆನಾ?" ಎಂದು ಕೇಳಿದರು. ನಾನು ಕೂದಲು ಸರಿ ಮಾಡಿಕೊಳ್ಳುವವಳ ಹಾಗೆ ಕೈ ಒಳಗೆ ತಗೊಂಡೆ.

ಮತದಾನಕ್ಕೆ ಎಂಟು ದಿನ ಇರುವಾಗ ಹಾಸ್ಟೆಲ್ಲಿನ ಅಡುಗೆಯವರು ಹಟ ಹಿಡಿದರು, ಮೈಕು ಕಟ್ಟಿಸಲೇಬೇಕು ಎಂದು. ಅವರ ಅಣ್ಣ ಹೊಸನಗರದಲ್ಲಿ ಮೈಕ್‌ಸೆಟ್ ಇಟ್ಟುಕೊಂಡಿದ್ದರು. ಐವತ್ತೈದು ದಾಟಿದವರು. ಜೀವಮಾನವೆಲ್ಲ ಸ್ಪೀಕರಿನ ಪಕ್ಕ ನಿಂತು ಕಿವಿ ಅರ್ಧ ಹೋಗಿತ್ತು. ಜೀವಮಾನವೆಲ್ಲ ಸದ್ದು ಅಡಗಿಸಿದ ನಾನು ಬೇಡ ಬೇಡ ಎಂದೆ. ಅವರಿಗೆ ಅದು ಕೇಳಿಸಲಿಲ್ಲ.

ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ, ಮೇಲೆ ಸ್ಪೀಕರ್ ಕಟ್ಟಿ, ಬ್ಯಾಟರಿಯಿಂದ ಆಂಪ್ಲಿಫೈಯರಿಗೆ ವೈರು ಎಳೆದರು. ಬಂದದ್ದು ನನ್ನ ಹೆಸರಲ್ಲ, ಜೇನುಗೂಡು ಕೆದಕಿದ ಹಾಗೆ ಒಂದು ಗುಂಯ್ ಎಂಬ ಸದ್ದು.

"ಅರ್ತ್ ಸರಿ ಸಿಗ್ತಾ ಇಲ್ಲ" ಎಂದರು ಮೈಕಿನವರು. ಬಾನೆಟ್ಟಿನೊಳಗೆ ಬಗ್ಗಿ, ಬ್ಯಾಟರಿಯ ಮೈನಸ್ಸಿನಿಂದ ದಪ್ಪ ವೈರೊಂದನ್ನು ತಂದು ಕೈಗೆ ಸಿಕ್ಕಿದ ಒಂದು ಬೋಲ್ಟಿಗೆ ಸುತ್ತಿದರು. ಆಂಪ್ಲಿಫೈಯರಿನ ವೈರನ್ನೂ ಅದಕ್ಕೇ ಸೇರಿಸಿದರು. ಗುಂಯ್ ನಿಂತಿತು. ಆ ಬೋಲ್ಟು ಎಡಗಡೆಯ ಮುಂದಿನ ದೀಪವನ್ನು ಮಡ್‌ಗಾರ್ಡಿಗೆ ಹಿಡಿದಿಟ್ಟ ಬೋಲ್ಟು ಎಂದು ನಮಗೆ ಆಗ ಹೊಳೆಯಲಿಲ್ಲ.

ಮೈಕಿನವರನ್ನೂ ಹಿಂದೆ ಕೂರಿಸಿಕೊಂಡು ಹೊರಟೆವು. ಮೊದಲ ತಿರುವಿಗೆ ಯಜಮಾನರು "ಎಡ" ಎಂದು, ರೂಢಿಯಂತೆ ಕಡ್ಡಿಯನ್ನೂ ಒತ್ತಿದರು. ನಾನು ಕೈ ಹೊರಗೆ ಹಾಕಿದೆ.

ಟಿಕ್ ಟಿಕ್ ಟಿಕ್ ಟಿಕ್.

ಯಜಮಾನರು ನಡುರಸ್ತೆಯಲ್ಲೇ ಬ್ರೇಕ್ ಹಾಕಿದರು. ಹಿಂದಿನ ಆಟೋದವನು ಬೈದ. ಅವರಿಗೆ ಯಾವುದೂ ಬೇಕಿರಲಿಲ್ಲ. ಇಳಿದು ಓಡಿ ಮುಂದೆ ಹೋಗಿ ನಿಂತು ನೋಡಿದರು. ಐದು ತಿಂಗಳಿನಿಂದ ಕಣ್ಣು ಬಿಡದಿದ್ದ ದೀಪ ಅವರ ಮುಖಕ್ಕೇ ಮಿನುಗುತ್ತಿತ್ತು. "ಬಾ ಇಲ್ಲಿ! ನೋಡು ಬಾ!" ಎಂದು ಕೂಗಿದರು. ನಮ್ಮ ಮದುವೆಯಲ್ಲೂ ಅವರು ಹಾಗೆ ಕೂಗಿದ್ದು ನನಗೆ ನೆನಪಿಲ್ಲ.

ಮೈಕಿನವರು ವೈರು ತೆಗೆದರು, ದೀಪ ಹೋಯಿತು. ಮುಟ್ಟಿಸಿದರು, ಬಂತು. ಯಜಮಾನರು ರಸ್ತೆ ಬದಿಯಲ್ಲೇ ಮಂಡಿಯೂರಿ ಕೂತು ಆ ಬೋಲ್ಟನ್ನು ಬಿಚ್ಚಿದರು. ಅದರಡಿಯಲ್ಲಿ ತಗಡು ಇರಲಿಲ್ಲ. ಕೆನೆ ಬಣ್ಣ ಇತ್ತು. ಒಂದರ ಮೇಲೊಂದು ಪದರ, ಹೋಳಿಗೆಯಷ್ಟು ದಪ್ಪ.

"ನೋಡಿ ಸರ್" ಎಂದು ಮೈಕಿನವರು, ತಮಗೆ ಕೇಳಿಸದ ಕಾರಣ ಊರಿಗೆಲ್ಲ ಕೇಳಿಸುವಂತೆ ಹೇಳಿದರು: "ಕರೆಂಟ್ ಬಂದ್ರೆ ಸಾಕಾ? ವಾಪಸ್ ಹೋಗೋಕೆ ದಾರಿ ಬೇಡ್ವಾ? ಹಳೇ ಗಾಡೀಲಿ ಕರೆಂಟ್ ವಾಪಸ್ ಹೋಗೋದು ತಗಡಿನ ಮೇಲೇ. ನೀವು ಪೇಂಟ್ ಹೊಡ್ಸಿ ಬಾಗ್ಲು ಹಾಕ್ಬಿಟ್ರಿ. ಪಾಪ, ಅದು ಪಕ್ಕದ ಪಾರ್ಕಿಂಗ್ ದೀಪದೊಳಗೆ ನುಗ್ಗಿ ದಾರಿ ಹುಡ್ಕ್ತಾ ಇತ್ತು."

ಯಜಮಾನರು ಅಂಗಡಿಯಿಂದ ಒಂದು ಬ್ಲೇಡ್ ತಂದು ಬೋಲ್ಟಿನ ಜಾಗದ ಬಣ್ಣವನ್ನು ಕೆರೆಯತೊಡಗಿದರು. ಇನ್ನೆರಡು ಕೋಟ್ ಹೊಡೀರಿ ಎಂದವರು ಅವರೇ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾಣ್ಯದಗಲ ತಗಡು ಹೊಳೆಯುವವರೆಗೆ ಕೆರೆದು, ಬೋಲ್ಟು ಬಿಗಿದು ಕಡ್ಡಿ ಒತ್ತಿದರು. ರಿಲೇ, ಸ್ವಿಚ್, ವೈರಿಂಗ್ ಎಲ್ಲದರಿಂದಲೂ ಆಗದೆ ಹೋದದ್ದು ಗಡ್ಡ ಹೆರೆಯುವ ಬ್ಲೇಡಿನಿಂದ ಹತ್ತೇ ನಿಮಿಷದಲ್ಲಿ ಆಗಿಹೋಯಿತು.

ಆವತ್ತಿನಿಂದ ನಾನು ಕೈ ಒಳಗಿಟ್ಟುಕೊಂಡೆ. ಭುಜಕ್ಕೆ ಆರಾಮ. ಯಜಮಾನರು ಎಡತಿರುವು ಇರುವ ದಾರಿಗಳನ್ನೇ ಹುಡುಕಿ ಹೋಗುತ್ತಿದ್ದರು.

ಮೂರನೆಯ ದಿನ ಹಾಸ್ಟೆಲ್ಲಿನ ಅಡುಗೆಯವರ ಫೋನು ಬಂತು. "ಎಂತ ಮಾಡಿದ್ರಿ ನೀವು? ಜನ ಮಾತಾಡ್ತಾ ಇದಾರೆ."

"ಏನಂತ?"

"ನಾಮಪತ್ರ ಕೊಟ್ಟಿದ್ದೇ ಧಿಮಾಕು ಬಂತು ಅಂತ. ಗೆದ್ದೇಬಿಟ್ಟೆ ಅಂದ್ಕೊಂಡಿದಾಳೆ, ಈಗ ಕೈ ಎತ್ತೋದೂ ಇಲ್ಲ ಅಂತ. ನಿನ್ನೆ ಸರ್ಕಲ್ಲಿನಲ್ಲಿ ನಾನೇ ನಿಂತಿದ್ದೆ, ನನಗೂ ಕೈ ಮಾಡ್ಲಿಲ್ಲ ನೀವು."

"ಇಂಡಿಕೇಟರ್ ಸರಿಯಾಯ್ತಲ್ಲ..."

"ಅದನ್ನ ಕಟ್ಕೊಂಡು ಜನಕ್ಕೆ ಎಂತ ಆಗ್ಬೇಕು?"

ನಾನು ಯಜಮಾನರಿಗೆ ಹೇಳಿದೆ. ಅವರ ಮುಖ ಇಳಿದುಹೋಯಿತು. "ಎರಡೂ ಮಾಡಿದ್ರೆ ನನ್ನ ಇಂಡಿಕೇಟರ್ ಯಾರು ನೋಡ್ತಾರೆ?" ಎಂದರು. ಆದರೂ ಮರುದಿನ ಕೈ ಹೊರಗೆ ಹಾಕಿದೆ. ಮೊದಲಿನ ಹಾಗೆ ಆಗಲಿಲ್ಲ. ತಿರುವಿಗೆಂದು ಬೀಸುತ್ತಿದ್ದಾಗ ಕೈ ತನ್ನ ಪಾಡಿಗೆ ಬೀಸುತ್ತಿತ್ತು. ಈಗ ಓಟಿಗೆಂದು ಬೀಸುವಾಗ ನನಗೇ ನಾಚಿಕೆಯಾಗಿ ಅರ್ಧಕ್ಕೆ ನಿಲ್ಲುತ್ತಿತ್ತು.

ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಇನ್ನೊಂದು ಸುದ್ದಿ ಬಂತು. ನನ್ನ ಎದುರು ನಿಂತಿದ್ದವರು ಅಲ್ಲಿಯ ನಿವೃತ್ತ ನರ್ಸ್ ಒಬ್ಬರು. ಅವರು ಮೇಲೆ ತೆರೆದ ಜೀಪೊಂದರಲ್ಲಿ ನಿಂತುಕೊಂಡು, ಎರಡೂ ಕೈ ಎತ್ತಿ ಬೀಸುತ್ತ ಮೂರು ತಾಲ್ಲೂಕೂ ಸುತ್ತುತ್ತಿದ್ದರು.

ಮತದಾನ ಹೊಸನಗರದಲ್ಲಿ ನಡೆಯಿತು. ನಾಲ್ಕು ಗಂಟೆಗೆಲ್ಲ ಎಣಿಕೆ ಮುಗಿಯಿತು. ನಾನು ಒಂಬತ್ತು ಮತದಲ್ಲಿ ಸೋತೆ. ನರ್ಸಮ್ಮ ಹಾರ ಹಾಕಿಸಿಕೊಂಡವರು ಸೀದಾ ನನ್ನ ಹತ್ತಿರ ಬಂದು ಕೈ ಹಿಡಿದುಕೊಂಡರು. "ಬೇಜಾರ್ ಮಾಡ್ಕೋಬೇಡಿ ಅಕ್ಕ. ನಂಗೆ ಇದೆಲ್ಲ ಏನ್ ಗೊತ್ತಿತ್ತು? ನಿಮ್ಮನ್ನ ನೋಡೇ ಕಲಿತಿದ್ದು" ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಸಿಟ್ಟಾದರೂ ಮಾಡಿಕೊಳ್ಳಬಹುದಿತ್ತು. ಈಗ ಆ ಉದ್ಯಾನಕ್ಕೆ ಗಿಡ ಹಾಕಿಸಿದವರೂ ಅವರೇ. ಯಾವ ಗಿಡ ಎಂದು ಕೇಳಲು ನಮ್ಮ ಮನೆಗೇ ಬಂದಿದ್ದರು.

ಆದರೆ ಅದು ಆಮೇಲಿನ ಮಾತು, ಆವತ್ತು ನಾವಿಬ್ಬರೇ ವಾಪಸ್ಸು ಹೊರಟೆವು. ನಿಲ್ಲಬೇಕೆಂದು ನಿಂತವಳಲ್ಲ. ಸೋತರೆ ಏನೂ ಅನ್ನಿಸುವುದಿಲ್ಲ ಎಂದುಕೊಂಡಿದ್ದೆ. ಕಾರಿನಲ್ಲಿ ಕೂತ ಮೇಲೆ ಕಣ್ಣಲ್ಲಿ ನೀರು ಬಂತು. ಯಜಮಾನರು ನೋಡಿಯೂ ನೋಡದ ಹಾಗೆ ಸ್ವಲ್ಪ ದೂರ ಓಡಿಸಿ, ಸಣ್ಣ ಹೋಟೆಲ್ಲೊಂದರ ಮುಂದೆ ನಿಲ್ಲಿಸಿದರು. ಬನ್ಸ್ ಮತ್ತು ಚಹಾ ಹೇಳಿದರು.

ಚಹಾ ಬರುವವರೆಗೂ ಅವರು ಜೇಬಿನಿಂದ ಚೀಟಿ ತೆಗೆದು ಏನೋ ಲೆಕ್ಕ ಹಾಕುತ್ತಿದ್ದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಒಂಬತ್ತು ಮತ ಅಷ್ಟೇ" ಎಂದರು. "ಸರಪಳಿ ಹಿಡಿದು ಅಳೆಯುವಾಗ ಇಷ್ಟು ಹೆಚ್ಚುಕಮ್ಮಿ ಆದ್ರೆ ನಾವು ಅದನ್ನ ತಪ್ಪು ಅಂತ ಬರೀತಾನೇ ಇರ್ಲಿಲ್ಲ. ಗಡಿ ಅಲ್ಲೇ ಇದೆ ಅಂತ ಬರೀತಿದ್ವಿ."

"ಅಂದ್ರೆ ನಾನು ಗೆದ್ದೆ ಅಂತಲಾ?"

"ಗೆದ್ದೆ ಅಂತಲ್ಲ. ಸೋತೆ ಅಂತ ಹೇಳೋಕೆ ಸಾಕಷ್ಟು ಆಧಾರ ಇಲ್ಲ."

ನನಗೆ ನಗು ಬಂತು. ಬಾಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು. ಹೋಟೆಲ್ಲಿನವರು ಒದ್ದೆ ಬಟ್ಟೆ ತಂದುಕೊಟ್ಟರು. ಬನ್ಸ್ ಬಿಸಿಯಾಗಿತ್ತು. ಯಜಮಾನರು ತಮ್ಮ ಪಾಲಿನ ಇನ್ನೊಂದನ್ನೂ ನನ್ನ ತಟ್ಟೆಗೆ ಸರಿಸಿ, "ಇನ್ನೊಂದು ಪ್ಲೇಟ್ ಹೇಳ್ಲಾ?" ಎಂದು ಕೇಳಿದರು.

"ಹೇಳಿ" ಎಂದೆ.